ಪೂರ್ತಿ ಒಂದು ಬಟ್ಟಲು

ಅವಳು ಕನ್ನಡಕದ ಮಸೂರವನ್ನು ಚೌಕಟ್ಟಿನೊಳಗಿಟ್ಟು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತಿದ್ದಾಗ, ಎದುರು ಸಾಲಿನ ಹೊಸ ವಿಯೆಟ್ನಾಮಿ ಹೋಟೆಲಿನಿಂದ ಸಾರಿನ ಘಮ ತೇಲಿಬಂತು. ಚಕ್ಕೆ, ಮೊಗ್ಗು, ಸುಟ್ಟ ಶುಂಠಿ. ಮಸೂರ ಟಕ್ಕೆಂದು ಕೂತಿತು. ಅವಳ ಮನಸ್ಸು ಮಾತ್ರ ಕೂರಲಿಲ್ಲ.

ಕನ್ನಡಕದ ಅಂಗಡಿಯ ಗಾಜಿನೊಳಗಿಂದ ಅವಳು ಆ ಹೋಟೆಲನ್ನು ದಿನವೂ ನೋಡುತ್ತಿದ್ದಳು. ಅಲ್ಲಿಗೆ ಬಂದವರು ಒಬ್ಬೊಬ್ಬರೂ ಒಂದೊಂದು ದೊಡ್ಡ ಬಟ್ಟಲಿನ ಮುಂದೆ ತಲೆ ತಗ್ಗಿಸಿ ಕೂರುತ್ತಿದ್ದರು, ಪರೀಕ್ಷೆ ಬರೆಯುವ ಮಕ್ಕಳ ಹಾಗೆ. ಯಾರೂ ಯಾರದಕ್ಕೂ ಕೈ ಹಾಕುತ್ತಿರಲಿಲ್ಲ. ಅವಳನ್ನು ಸೆಳೆದದ್ದು ಅದೇ. ಮದುವೆಯಾದಾಗಿನಿಂದ ಅವಳು ಒಂದು ತಟ್ಟೆಯನ್ನು ಪೂರ್ತಿ ತಾನೇ ಉಂಡದ್ದಿಲ್ಲ. ಮಗಳು ಅದೇ ಪಾತ್ರೆಯ ಅಡುಗೆಯನ್ನು "ನಿಂದೇ ಚೆನ್ನಾಗಿದೆ" ಎಂದು ತಾಯಿಯ ತಟ್ಟೆಯಿಂದ ಎತ್ತುತ್ತಿದ್ದಳು. ಅತ್ತೆ ತಮಗೆ ಸೇರದ್ದನ್ನೆಲ್ಲ ಅದೇ ತಟ್ಟೆಗೆ ದಾಟಿಸುತ್ತಿದ್ದರು. ಇನ್ನು ಅಂಗಡಿಯಲ್ಲಿ ಅವಳ ಡಬ್ಬಿಯೆಂದರೆ ಬೀದಿ ನಲ್ಲಿಯಿದ್ದ ಹಾಗೆ, ಎಲ್ಲರದೂ.

"ತಲೆನೋವು, ಮಾತ್ರೆ ತಗೊಂಡು ಬರ್ತೀನಿ," ಎಂದು ಹೇಳಿ ಅವಳು ರಸ್ತೆ ದಾಟಿಯೇಬಿಟ್ಟಳು.

ಹಸಿರು ಕುರ್ಚಿಗಳು, ಕುಂಡಗಳಲ್ಲಿ ಗಿಡ, ದುಬಾರಿಯಾಗಿ ಕಾಣುವ ದೀಪ, ದುಬಾರಿಯಲ್ಲದ ಊಟ. ಬೆಳಕು ಚೆನ್ನಾಗಿದೆಯೆಂದು ಕಿಟಕಿಯ ಪಕ್ಕ ಕೂತಳು. ತಪ್ಪಿದ್ದು ಅಲ್ಲೇ.

"ಹಂಚ್ಕೊಂಡು ತಿನ್ನೋಕೆ ಆಗದಂಥದ್ದು ಏನಿದೆ?"

ಬಡಿಸುವ ಹುಡುಗಿಗೆ ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ. "ಫೋ ಅಂತ ಇದೆ ಮೇಡಂ. ಬಿಸಿ ಸಾರಲ್ಲಿ ಅಕ್ಕಿ ನೂಡಲ್ಸು, ಅಣಬೆ, ಸೊಪ್ಪು. ಸಾರಲ್ವಾ, ಹಂಚೋದು ಕಷ್ಟ."

"ಅದೇ ಕೊಡಮ್ಮ."

ಬಟ್ಟಲು ಬಂತು. ಅವಳು ಕಣ್ಣು ಮುಚ್ಚಿ ಹಬೆಗೆ ಮುಖವೊಡ್ಡಿದಳು. ಕನ್ನಡಕ ಮಂಜಾಯಿತು. ತೆಗೆದು, ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡು ನೋಡಿದರೆ ಎದುರಿಗೆ ಇಬ್ಬರು ಕೂತಿದ್ದರು.

ಒಬ್ಬಾಕೆ ಅಂಗಡಿಯ ಕ್ಯಾಷಿಯರಮ್ಮ. ಇನ್ನೊಬ್ಬ ಗಿರಾಕಿಗಳ ಕಣ್ಣು ಪರೀಕ್ಷಿಸುವವನು. ಡಾಕ್ಟರಲ್ಲದಿದ್ದರೂ ಬಿಳಿ ಕೋಟಿನ ದೆಸೆಯಿಂದ ಎಲ್ಲರ ಬಾಯಲ್ಲೂ ಡಾಕ್ಟ್ರು.

"ಮಾತ್ರೆ ತುಂಬಾ ದೊಡ್ಡದಿದೆ ಅಕ್ಕ," ಎಂದ ಡಾಕ್ಟ್ರು.

"ಗಾಜಲ್ಲಿ ಎಲ್ಲಾ ಕಾಣ್ತಿತ್ತು ಕಣೆ," ಎಂದಳು ಕ್ಯಾಷಿಯರಮ್ಮ. "ನಮ್ಮನ್ನ ಬಿಟ್ಟು ಬಂದ್ಯಲ್ಲ. ಇರ್ಲಿ, ನಮ್ಮ ಊಟ ಆಯ್ತು, ನಿನ್ನ ಡಬ್ಬಿ ಮುಗಿಸಿಯೇ ಬಂದ್ವಿ. ಒಂದೇ ಒಂದು ಚಮಚ ಕೊಡು, ರುಚಿಗೆ."

ಆ ಒಂದು ಚಮಚ ಎಲ್ಲಿಗೆ ಹೋಗಿ ನಿಲ್ಲುತ್ತದೆಂಬುದು ಅವಳಿಗೆ ಚೆನ್ನಾಗಿ ಗೊತ್ತು. ಎರಡು ಚಮಚಗಳು ಮೇಲೆದ್ದವು. ಅವಳ ಕೈ ತಾನಾಗಿಯೇ ಮೇಜಿನ ಮೇಲಿದ್ದ ಕೆಂಪು ಖಾರದ ಜಾಡಿಗೆ ಹೋಯಿತು. ಇಡೀ ಜಾಡಿಯನ್ನು ಬಟ್ಟಲಿಗೆ ಬೋರಲು ಹಾಕಿದಳು. ಸಾಲದೆಂದು ಹಸಿಮೆಣಸಿನ ಚೂರುಗಳನ್ನೂ ಸುರಿದಳು.

"ಏನೇ ಇದು?"

"ನಂಗೆ ಹೀಗೇ ಇಷ್ಟ."

ಚಮಚಗಳು ಹಿಂದಕ್ಕೆ ಸರಿದವು. ಬಟ್ಟಲು ಅವಳದಾಯಿತು. ಇನ್ನು ತಿನ್ನುವುದೊಂದೇ ಬಾಕಿ.

ಮೊದಲ ತುತ್ತಿಗೆ ಕಿವಿಯಲ್ಲಿ ಕುಕ್ಕರ್ ಕೂಗಿತು. ಎರಡನೆಯದಕ್ಕೆ ಮೂಗು, ಕಣ್ಣು ಒಟ್ಟಿಗೇ ಕಟ್ಟೆಯೊಡೆದವು. ಆದರೂ ಅವಳು ಬಿಡಲಿಲ್ಲ. ಇಳಿದ ಒಂದೊಂದು ತುತ್ತೂ ಶತ್ರುವಿನಿಂದ ಕಿತ್ತುಕೊಂಡ ಕೋಟೆಯಂತಿತ್ತು.

"ಅಳ್ತಿದ್ದೀಯಾ?" ಕ್ಯಾಷಿಯರಮ್ಮ ಬಗ್ಗಿ ನೋಡಿದಳು. ಮಾತು ಹೊರಡದೆ ಅವಳು ತಲೆಯಾಡಿಸಿದಳು. "ಇಲ್ಲ ಅನ್ನೋಕೂ ಬಾಯಿ ಬರ್ತಿಲ್ಲ ನೋಡಿ, ಪಾಪ. ಮನೇಲಿ ಏನೋ ಆಗಿದೆ."

ಡಾಕ್ಟ್ರು ಜೇಬಿನಿಂದ ಟಾರ್ಚು ತೆಗೆದು ಅವಳ ಕಣ್ಣಿಗೆ ಬಿಟ್ಟ. "ನೀರು ಒಳಗಿಂದ ಬರ್ತಿದೆ. ಇದು ದುಃಖಾನೇ."

ಕ್ಯಾಷಿಯರಮ್ಮ ಆಗಲೇ ಅವಳ ಗಂಡನಿಗೆ ಫೋನು ಹಚ್ಚಿದ್ದಳು.

ಹತ್ತಿರದ ಮುದ್ರಣಾಲಯದಲ್ಲಿದ್ದ ಗಂಡ ಹೆಲ್ಮೆಟ್ಟನ್ನೂ ತೆಗೆಯದೆ ಒಳಗೆ ನುಗ್ಗಿದ. "ಏನಾಯ್ತೇ? ನಾನೇನು ಮಾಡ್ದೆ?"

ಅವಳು ಎರಡೂ ಕೈಯಿಂದ ಬಟ್ಟಲೆತ್ತಿ, ಗಟಗಟನೆ ತಳದವರೆಗೆ ಕುಡಿದು, ಮೇಜಿನ ಮೇಲೆ ಕುಕ್ಕಿದಳು. "ಖಾಲಿ," ಎಂದಳು. ಓಟದ ಪಂದ್ಯ ಗೆದ್ದವಳಂತೆ ಮುಖ ಕೆಂಪಗೆ ಹೊಳೆಯುತ್ತಿತ್ತು. ಪಕ್ಕದ ಮೇಜಿನವರು ಚಪ್ಪಾಳೆ ತಟ್ಟಿದರು. ಇಷ್ಟು ವರ್ಷಕ್ಕೆ ಮೊದಲ ಸಲ, ಪೂರ್ತಿ ಒಂದು ಬಟ್ಟಲು, ತನ್ನೊಬ್ಬಳದೇ.

ಆಗ ಬಡಿಸುವ ಹುಡುಗಿ ಹಬೆಯಾಡುವ ಇನ್ನೊಂದು ಬಟ್ಟಲು ತಂದಿಟ್ಟಳು. "ಖಾರ ಕೈತಪ್ಪಿ ಬಿದ್ದಿರಬೇಕು ಅಂತ ಅಡುಗೆಯವ್ರು ಖಾರ ಇಲ್ದೆ ಬೇರೆ ಮಾಡಿ ಕಳಿಸಿದ್ದಾರೆ ಮೇಡಂ, ನಮ್ಮ ಲೆಕ್ಕದಲ್ಲಿ. ನಿಮ್ಮವ್ರೆಲ್ಲ ಬಂದಿದ್ದಾರಲ್ಲ, ಚಮಚ ಜಾಸ್ತಿ ತಂದೆ."

ಗಂಡ ಹೆಲ್ಮೆಟ್ ತೆಗೆದಿಟ್ಟು ಕೂತ. ಮೂರು ಚಮಚಗಳು ಒಟ್ಟಿಗೇ ಮುಳುಗಿದವು.

"ಆ ಮೊಗ್ಗಿನ ವಾಸನೆ ನೋಡಿ ಡಾಕ್ಟ್ರೇ."

"ಕೊನೇಲಿ ನಿಂಬೆಹುಳಿ ಹಾಗೇ ನಾಲಿಗೆ ಮೇಲೆ ನಿಲ್ಲುತ್ತೆ."

"ನೀನೂ ಸ್ವಲ್ಪ ನೋಡೆ," ಎಂದು ಗಂಡ ದೊಡ್ಡ ಮನಸ್ಸು ಮಾಡಿ ಒಂದು ಚಮಚ ಕೊಟ್ಟ. ಅವಳು ಕುಡಿದಳು. ಅದು ಸಾರೋ ಬಿಸಿನೀರೋ ತಿಳಿಯಲಿಲ್ಲ. ನಾಲಿಗೆ ಮರದ ಹಲಗೆಯಾಗಿತ್ತು. ಬಟ್ಟಲು ತನಗೂ ರುಚಿ ಅವರಿಗೂ ಪಾಲಾಯಿತೆಂದು ಅವಳಿಗೆ ಆಗ ಹೊಳೆಯಿತು.

"ಹೇಗಿದೆ?"

"ಚೆನ್ನಾಗಿದೆ," ಎಂದಳು, ಗೆದ್ದವರ ಗತ್ತಿನಲ್ಲಿ.

ಕೊನೆಯ ಅಣಬೆ ಯಾರದೆಂದು ಅವರು ಚರ್ಚಿಸುತ್ತಿದ್ದಾಗ ಅವಳು ಮುಖ ತೊಳೆಯಲು ಒಳಗೆ ಹೋದಳು. ಮೆಟ್ಟಿಲಿನ ಹಿಂದೆ ಗೋಡೆಗೆ ಮುಖಮಾಡಿಕೊಂಡು ಒಂದು ಪುಟ್ಟ ಮೇಜಿತ್ತು. ರಸ್ತೆಯಿಂದ ಕಾಣದು, ಕಿಟಕಿಯಿಂದಲೂ ಕಾಣದು. ಒಂದೇ ಕುರ್ಚಿ, ಇನ್ನೊಂದು ತಂದರೂ ಹಿಡಿಸದು. ಅವಳು ನಿಂತು ಕಣ್ಣಲ್ಲೇ ಅಳೆದಳು. ಬರುವ ಗುರುವಾರ ಇಲ್ಲಿ, ಎಂದುಕೊಂಡಳು.

"ಏನೇ, ನಗ್ತಾ ಬರ್ತಿದ್ದೀಯ?" ಗಂಡ ಕೇಳಿದ.

"ಖಾರ," ಎಂದಳು ಅವಳು, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ.