ಹೊರಬರಲೊಲ್ಲದ ಬೀರು

ಬೀರುವಿನ ಕೊನೆಯ ಬೆಣೆಗೂ ಅಂಟು ಹಚ್ಚಿ ಬಡಿದು ಕೂರಿಸಿದ ಮೇಲೆ ಗುಮಾಸ್ತ ಮೊದಲ ಸಲ ಕೋಣೆಯ ಬಾಗಿಲ ಕಡೆ ನೋಡಿದ. ಬೀರು ಅಗಲದಲ್ಲೂ ಆಳದಲ್ಲೂ ಅದಕ್ಕಿಂತ ಒಂದು ಗೇಣು ಹೆಚ್ಚಿತ್ತು.

ಗುಮಾಸ್ತ ಎನ್ನುವುದು ಈಗ ಹೆಸರಿಗಷ್ಟೇ. ಕಚೇರಿ ಮುಚ್ಚಿ ಆರು ತಿಂಗಳಾಗಿತ್ತು. ಇನ್ನು ಮರಗೆಲಸವೇ ಗತಿ ಎಂದು ಹಟ ಹಿಡಿದು, ಹಿಂದಿನ ಕೋಣೆಯಲ್ಲಿ ಕೂತು, ಒಂದೂ ಮೊಳೆ ಬಳಸದೆ ಈ ಬೀರು ಮಾಡಿದ್ದ. ಇವತ್ತು ಸಂಜೆಯೊಳಗೆ ತಂದು ತೋರಿಸಿದರೆ, ಒಪ್ಪಿಗೆಯಾದರೆ, ಕೆಲಸಕ್ಕೆ ಸೇರಿಸಿಕೊಳ್ಳುತ್ತೇನೆಂದು ಮರಗೆಲಸದ ಮೇಸ್ತ್ರಿ ಹೇಳಿದ್ದರು. ಖಾಲಿ ಇದ್ದದ್ದು ಒಂದೇ ಜಾಗ.

"ಓರೆ ಮಾಡಿ ತಳ್ರೀ," ಎಂದ ಸದ್ದು ಕೇಳಿ ಬಂದ ಎದುರುಮನೆ ದರ್ಜಿ. ತಳ್ಳಿದ್ದಾಯಿತು. ಬೀರು ಬಾಗಿಲಲ್ಲಿ ಸಿಕ್ಕಿಕೊಂಡು ಗುಮಾಸ್ತ ಒಳಗೇ ಉಳಿದ.

"ತಲೆಕೆಳಗು ಮಾಡಿ ನೋಡೋಣ," ಎಂದರು ಪಕ್ಕದ ಮನೆ ಮೇಷ್ಟ್ರು. ಅದೂ ಆಯಿತು. ಅಗಲ ಮಾತ್ರ ಅಷ್ಟೇ ಇತ್ತು.

"ಬಟ್ಟೆ ಆಗಿದ್ರೆ ಪಕ್ಕ ಹಿಡೀಬಹುದಿತ್ತು," ದರ್ಜಿ ಲೊಚಗುಟ್ಟಿದ. "ಒಂದು ಕಡೆ ಕುಯ್ದುಬಿಡಿ."

"ಅದಕ್ಕಿಂತ ನನ್ನ ಕತ್ತೇ ಕುಯ್ದುಬಿಡ್ರೀ!"

ಮಧ್ಯಾಹ್ನ ಹೆಂಡತಿ ಬೀರುವಿನ ಮೇಲಿಂದಲೇ ತಟ್ಟೆ ದಾಟಿಸಿದಳು. ಈ ವಯಸ್ಸಿನಲ್ಲಿ ತನಗೆ ಇನ್ಯಾರು ಕೆಲಸ ಕೊಡುತ್ತಾರೆಂದು ಅವನಿಗೆ ನಿಜಕ್ಕೂ ಅಳು ಬಂತು.

"ಬೀರು ಬರದಿದ್ರೆ ಮೇಸ್ತ್ರಿನೇ ಕರ್ಕೊಂಡು ಬರ್ತೀನಿ," ಎಂದು ದರ್ಜಿ ಚಪ್ಪಲಿ ಮೆಟ್ಟಿದ.

"ಬೇಡ್ರೀ! ಬಾಗಿಲಿನ ಅಳತೆ ನೋಡದೋನು ಅಂತ ಗೊತ್ತಾದ್ರೆ ಮುಗೀತು ನನ್ನ ಕತೆ!"

ದರ್ಜಿ ಆಗಲೇ ಬೀದಿಯ ತಿರುವಿನಲ್ಲಿದ್ದ.

ಹೆಂಡತಿ ಸೆರಗು ಸಿಕ್ಕಿಸಿದಳು. "ಸಾಕು. ಆ ಉಳಿ, ಕೊಡತಿ ಇತ್ಲಾಗೆ ಕೊಡಿ." ಆ ಕೋಣೆಯದು ಹಲಗೆಗೋಡೆ, ಬಾಗಿಲ ಚೌಕಟ್ಟನ್ನೂ ಹಿಂದಿನವರು ಬರೀ ಬೆಣೆ ಬಡಿದು ನಿಲ್ಲಿಸಿದ್ದರು. ಅವಳು ಒಂದೊಂದೇ ಬೆಣೆ ಉದುರಿಸಿ ಚೌಕಟ್ಟು ಬಿಚ್ಚಿ ದಾರಿ ಅಗಲ ಮಾಡಿದಳು.

ಮೇಸ್ತ್ರಿ ಬಂದಾಗ ಬೀರು ನಡುಮನೆಯಲ್ಲಿತ್ತು. ತೆರೆದರು, ಮುಚ್ಚಿದರು, ಮೂಲೆಗಳನ್ನು ಸವರಿದರು. "ಅಚ್ಚುಕಟ್ಟಾಗಿದೆ," ಎಂದರು. ಗುಮಾಸ್ತನಿಗೆ ಹೋದ ಜೀವ ಬಂತು.

ಅಷ್ಟರಲ್ಲಿ ಮೇಸ್ತ್ರಿಯ ಕಣ್ಣು ಗೋಡೆಗೊರಗಿಸಿದ್ದ ಚೌಕಟ್ಟಿನ ತುಂಡುಗಳ ಮೇಲೆ ಬಿತ್ತು. ತಿರುಗಿಸಿ ತಿರುಗಿಸಿ ನೋಡಿದರು. "ಒಂದು ಸೀಳೂ ಬಿಟ್ಟಿಲ್ಲವಲ್ಲ! ಯಾರು ಬಿಚ್ಚಿದ್ದು?"

"ನಾನೇ," ಎಂದಳು ಹೆಂಡತಿ. "ಸಣ್ಣ ತುದಿಯಿಂದ ಬಡಿದ್ರೆ ಬೆಣೆ ತಾನೇ ಈಚೆಗೆ ಬರುತ್ತೆ ಅಂತ ಊಟಕ್ಕೆ ಕೂತಾಗಲೆಲ್ಲ ಇವರು ತಲೆ ತಿಂತಿದ್ರು."

"ಬೀರು ಮಾಡೋರು ನನ್ನ ಹತ್ರ ಬೇಕಾದಷ್ಟು ಜನ ಇದಾರೆ ತಾಯಿ. ಹಳೇ ಮನೆಗಳನ್ನ ಬಿಚ್ಚಿ ಕಟ್ಟೋ ಕೆಲಸ ಬಂದಿದೆ, ಮುರೀದೆ ಬಿಚ್ಚೋರೇ ಸಿಕ್ತಿಲ್ಲ. ನಾಳೆಯಿಂದ ನೀವೇ ಬನ್ನಿ."

ಅವಳು ಗಂಡನ ಮುಖ ನೋಡಿದಳು. ಅವನು ಕೊಡತಿ ಎತ್ತಿಕೊಂಡ.

"ಆಗಲಿ, ಬರ್ತೀನಿ," ಎಂದಳು ಮೇಸ್ತ್ರಿಗೆ. ಆಮೇಲೆ ಗಂಡನ ಕಡೆ ತಿರುಗಿ, "ನಾಳೆ ನಾನು ಬರೋ ಹೊತ್ತಿಗೆ ಆ ಬಾಗಿಲು ಕೂರಿಸಿಡಿ. ಅಡುಗೇನೂ ಆಗಿರಲಿ," ಎಂದಳು.