ಫಾದರ್ ಲಿಯೋನೆಲರ ಸ್ಕೂಟರಿಗೆ ಪಡುಬೈಲಿನ ಗುರ್ಕಾರನ ಅಹವಾಲು

ಮಾನ್ಯ ಸ್ಕೂಟರ್ ಮಹಾಶಯರೇ,

ಕೆಸರಿಗೂ ಕಲ್ಲಿಗೂ ಅಂಜದ ತಮ್ಮ ಎರಡು ಚಕ್ರಗಳಿಗೆ, ಎಷ್ಟು ಒದ್ದರೂ ಮುನಿಯದ ತಮ್ಮ ಕಿಕ್ಕರಿಗೆ, ಮತ್ತು ತೂತು ಬಿದ್ದಿದ್ದರೂ ಬಾಯಿ ಮುಚ್ಚಿಕೊಳ್ಳಲು ಒಪ್ಪದ ತಮ್ಮ ಸೈಲೆನ್ಸರಿಗೆ ಪಡುಬೈಲು ವಾರ್ಡಿನ ಸಮಸ್ತ ಕ್ರೈಸ್ತ ಕುಟುಂಬಗಳ ಪರವಾಗಿ ಮಂಡಿಯೂರಿ ನಮಸ್ಕರಿಸುತ್ತೇನೆ. ಮಂಡಿಯೂರಿ ಎಂಬ ಮಾತನ್ನು ಮರ್ಯಾದೆಗಾಗಿ ಬರೆದದ್ದಲ್ಲ, ಅದು ಅಕ್ಷರಶಃ ನಿಜವೆಂದು ಈ ಪತ್ರ ಮುಗಿಯುವುದರೊಳಗೆ ತಮಗೆ ತಿಳಿಯುತ್ತದೆ.

ಉದ್ಯಾವರ ದಾಟಿ ಕಾಪು ಕಡೆಗೆ ಹೋಗುವಾಗ ಹೆದ್ದಾರಿಯಿಂದ ಬಲಕ್ಕೆ ತಿರುಗಿದರೆ ಸಿಗುವ ಗುಡ್ಡದ ಮೇಲೆ ನಮ್ಮ ಇಗರ್ಜಿ, ಅದರ ಬುಡದಲ್ಲಿ ನಮ್ಮ ಪಡುಬೈಲು. ನಾನು ಅಲ್ಲಿಯ ಗುರ್ಕಾರ. ಸತ್ತವರ ಸುದ್ದಿಯನ್ನು ಇಗರ್ಜಿಗೆ ಮುಟ್ಟಿಸುವುದು, ಇಗರ್ಜಿಯ ಸುದ್ದಿಯನ್ನು ಬದುಕಿರುವವರಿಗೆ ಮುಟ್ಟಿಸುವುದು ಗುರ್ಕಾರನ ಕರ್ತವ್ಯ. ಇಗರ್ಜಿಯ ಮುಖ್ಯ ಗುರುಗಳಾದ ವಿಗಾರರ ಮೇಲೆ ದೂರಿದ್ದರೆ ಬಿಷಪರಿಗೆ ಬರೆಯಬೇಕು, ಬಿಷಪರು ಅದನ್ನು ತಿರುಗಿ ವಿಗಾರರಿಗೇ ಕಳುಹಿಸುತ್ತಾರೆ, ವಿಗಾರರು ನನ್ನನ್ನು ಕರೆದು ಚಹಾ ಕೊಡುತ್ತಾರೆ, ಅಲ್ಲಿಗೆ ದೂರು ಮುಗಿಯುತ್ತದೆ. ತಾವಾದರೋ ಯಾರಿಗೂ ಚಹಾ ಕೊಡುವವರಲ್ಲ. ಆದ್ದರಿಂದ ತಮಗೇ ಬರೆದು ಇಗರ್ಜಿಯ ನೋಟೀಸ್ ಬೋರ್ಡಿಗೆ ಅಂಟಿಸುತ್ತಿದ್ದೇನೆ.

ತಾವು ಬರುವ ಮೊದಲು ನಮಗೆ ಫಾದರ್ ಪ್ಯಾಟ್ರಿಕ್ ಎಂಬ ವಿಗಾರರಿದ್ದರು. ಅವರು ನಡೆದೇ ಬರುತ್ತಿದ್ದರು. ಒಂದು ಮನೆಗೆ ಹೊರಟರೆ ದಾರಿಯಲ್ಲಿ ಬಾವಿಕಟ್ಟೆ, ಬೇಲಿ, ಹಟ್ಟಿ ಎಲ್ಲ ಕಡೆ ನಿಂತು, ಯಾರದೋ ಕರುವಿಗೆ ಔಷಧ ಹೇಳಿ, ಇನ್ಯಾರದೋ ಗಂಡನಿಗೆ ಬೈದು, ಕತ್ತಲಾಗುವಾಗ ಹೊರಟ ಮನೆಯನ್ನೇ ಮರೆತು ಗುಡ್ಡ ಹತ್ತುತ್ತಿದ್ದರು. ಇದು ಹಿಂದುಳಿದ ಪದ್ಧತಿ ಎಂಬುದರಲ್ಲಿ ಎರಡು ಮಾತಿಲ್ಲ. ಅವರು ನಿವೃತ್ತರಾದ ಮೇಲೆ ಬಂದ ಫಾದರ್ ಲಿಯೋನೆಲ್ ಯುವಕರು, ಒಳ್ಳೆಯವರು, ಮೋಸ ಅರಿಯದವರು. ಬಂದ ವರ್ಷವೇ ಅವರು ಮಣಿಪಾಲದಲ್ಲಿ ನಡೆದ ಶಿಬಿರವೊಂದಕ್ಕೆ ಹೋದರು. ಬದಲಾಗುತ್ತಿರುವ ಕಾಲದಲ್ಲಿ ಧರ್ಮಗುರುಗಳು ಜನರನ್ನು ಹೇಗೆ ಮುನ್ನಡೆಸಬೇಕು ಎಂಬುದು ಅಲ್ಲಿಯ ವಿಷಯ. ಹಿಂದಿರುಗುವಾಗ ಒಂದು ದೊಡ್ಡ ಚಾರ್ಟನ್ನು ಸುರುಳಿ ಸುತ್ತಿ ತಂದರು. ನಡುವೆ ನಾಯಕನೆಂಬ ದೊಡ್ಡ ವೃತ್ತ, ಸುತ್ತಲೂ ಕುಟುಂಬಗಳೆಂಬ ಚಿಕ್ಕ ವೃತ್ತಗಳು, ದೊಡ್ಡದರಿಂದ ಚಿಕ್ಕವುಗಳಿಗೆ ಬಾಣಗಳು. ಬಾಣಗಳೆಲ್ಲ ಹೊರಗೆ ಹೋಗುತ್ತಿದ್ದವು, ಒಂದೂ ಹಿಂದಿರುಗಿ ಬರುತ್ತಿರಲಿಲ್ಲ. ಚಿತ್ರ ಬರೆದವರಿಗೆ ಹೊತ್ತು ಸಾಲದೆ ಹೋಗಿರಬೇಕೆಂದು ನಾವು ತಿಳಿದುಕೊಂಡೆವು.

ಆ ಬಾಣಗಳ ವೇಗಕ್ಕೆ ಕಾಲ್ನಡಿಗೆ ಸಾಲದೆಂದು ಮಣಿಪಾಲದ ಪ್ರೊಫೆಸರೊಬ್ಬರಿಂದ ತಮ್ಮನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ತರಲಾಯಿತು. ಅಂದಿನಿಂದ ಪಡುಬೈಲಿನ ಆಧ್ಯಾತ್ಮಿಕ ಜೀವನದಲ್ಲಿ ಆದ ಏರಿಕೆಯನ್ನು ಯಾವ ಸಂತರೂ ಇಷ್ಟು ಬೇಗ ಸಾಧಿಸಿರಲಾರರು. ತಾವು ಗುಡ್ಡದ ಮೇಲೆ ಒಮ್ಮೆ ಕೆಮ್ಮಿದರೆ ಸಾಕು, ಕೆಳಗೆ ಎಲ್ಲ ಮನೆಗಳಲ್ಲೂ ರೇಡಿಯೋ ನಿಲ್ಲುತ್ತಿತ್ತು, ಶೇಂದಿಯ ಬಾಟಲಿ ಅಕ್ಕಿಯ ಡಬ್ಬದೊಳಗೆ ಇಳಿಯುತ್ತಿತ್ತು, ದೇವರ ಪೀಠದ ಮುಂದೆ ಮೇಣದ ಬತ್ತಿ ಹತ್ತುತ್ತಿತ್ತು, ಮನೆಮಂದಿಯೆಲ್ಲ ಜಪಸರ ಹಿಡಿದು ಮಂಡಿಯೂರುತ್ತಿದ್ದರು. ತಾವು ತಿರುವು ದಾಟಿ ಅಂಗಳಕ್ಕೆ ಬರುವುದರೊಳಗೆ ಇಷ್ಟೆಲ್ಲ ಮುಗಿಯುವಂತೆ ದೇವರೇ ಆ ರಸ್ತೆಯನ್ನು ಅಳೆದು ಮಾಡಿದಂತಿತ್ತು.

ನಮ್ಮ ರೊಸಾರಿಯೊ ಈ ವಿದ್ಯೆಯಲ್ಲಿ ಎಲ್ಲರನ್ನೂ ಮೀರಿಸಿದ. ಪ್ರಾರ್ಥನೆಯನ್ನು ಮೊದಲಿನಿಂದ ಶುರು ಮಾಡಿದರೆ ಈಗಷ್ಟೇ ಕುಳಿತವರೆಂದು ಗೊತ್ತಾಗುತ್ತದೆಂಬ ದೂರದೃಷ್ಟಿಯಿಂದ ಅವನ ಮನೆಯಲ್ಲಿ ನೇರವಾಗಿ ಕೊನೆಯ ಸ್ತುತಿಮಾಲೆಯಿಂದಲೇ ಆರಂಭ. ಒಬ್ಬ ಹೇಳಬೇಕು, ಉಳಿದವರು ‘ನಮಗಾಗಿ ಪ್ರಾರ್ಥಿಸಿರಿ’ ಎಂದು ಕೂಗಬೇಕು. ಅದು ಗೇಟಿನವರೆಗೆ ಚೆನ್ನಾಗಿ ಕೇಳುತ್ತದೆ. ಫಾದರ್ ಲಿಯೋನೆಲರು ಗೇಟಿನಲ್ಲಿ ತಮ್ಮನ್ನು ನಿಲ್ಲಿಸಿ, ಭಕ್ತಿಗೆ ಭಂಗ ತರಬಾರದೆಂದು ಅಲ್ಲಿಂದಲೇ ಶಿಲುಬೆಯ ಗುರುತು ಮಾಡಿ ಆಶೀರ್ವದಿಸಿ ಮುಂದಿನ ಮನೆಗೆ ಹೋಗುತ್ತಿದ್ದರು. ಮುಂದಿನ ಮನೆಯಲ್ಲೂ ಪ್ರಾರ್ಥನೆ. ಹೀಗೆ ಒಂದು ಸಂಜೆಯಲ್ಲಿ ಇಡೀ ವಾರ್ಡು ಆಶೀರ್ವಾದ ಪಡೆದು, ಯಾರೂ ಯಾರೊಂದಿಗೂ ಒಂದು ಮಾತೂ ಆಡದೆ, ಕೆಲಸ ಸಾಂಗವಾಗುತ್ತಿತ್ತು. ‘ಪಡುಬೈಲಿನ ಜನರನ್ನು ನೋಡಿ, ಯಾವ ಹೊತ್ತಿಗೆ ಹೋದರೂ ಪ್ರಾರ್ಥನೆಯಲ್ಲಿರುತ್ತಾರೆ’ ಎಂದು ಅವರು ಭಾನುವಾರದ ಪೂಜೆಯ ಪ್ರಸಂಗದಲ್ಲಿ ಹೇಳಿದಾಗ ಬೇರೆ ವಾರ್ಡಿನವರು ನಮ್ಮನ್ನು ತಿರುಗಿ ನೋಡಿದರು. ನಾವು ತಲೆ ತಗ್ಗಿಸಿದೆವು. ಅದನ್ನೂ ಅವರು ವಿನಯವೆಂದೇ ಭಾವಿಸಿದರು.

ತಮ್ಮ ಪ್ರಭಾವ ಕ್ರೈಸ್ತರಿಗಷ್ಟೇ ಸೀಮಿತವಾಗಲಿಲ್ಲ. ಕಾಪುವಿನಿಂದ ಮೀನು ತರುವ ಬೀರಾನ್ ಸಾಯ್ಬರಿಗೆ ಗಲ್ಫಿನಲ್ಲಿರುವ ತಮ್ಮನ ಕೃಪೆಯಿಂದ ಒಂದು ಹಳೆಯ ಸ್ಕೂಟರ್ ದಕ್ಕಿತು. ಅದರ ಸ್ವರವೂ ತಮ್ಮ ಸ್ವರವೂ ಒಂದೇ. ಮೊದಲ ದಿನ ಅವರು ಬಂದಾಗ ಪಡುಬೈಲು ಇಡೀ ಮಂಡಿಯೂರಿತು. ಬೀರಾನ್ ಸಾಯ್ಬರು ಸಭ್ಯರು. ಪ್ರಾರ್ಥನೆಯ ನಡುವೆ ಬಂಗುಡೆ ಎಂದು ಕೂಗುವುದು ಸರಿಯಲ್ಲವೆಂದು ಬುಟ್ಟಿ ಇಳಿಸಿ, ಕೈಕಟ್ಟಿ, ಬಿಸಿಲಲ್ಲಿ ನಿಂತರು. ಗೇಟಿನಲ್ಲಿ ನಿಂತವರು ಹೋಗುವವರೆಗೆ ನಾವು ಏಳುವ ಹಾಗಿಲ್ಲ, ನಾವು ಏಳುವವರೆಗೆ ಅವರು ಹೋಗುವ ಹಾಗಿಲ್ಲ. ಕೊನೆಗೆ ಮೀನು ಮೆತ್ತಗಾಯಿತು. ‘ಎಂತ ಭಕ್ತಿ ಮಾರಾಯ್ರೆ ಇವರದ್ದು, ಬಂಗುಡೆಯ ವಾಸನೆಗೂ ಕಣ್ಣು ಬಿಡುವುದಿಲ್ಲ’ ಎಂದು ಅವರು ಕಾಪು ಪೇಟೆಯಲ್ಲಿ ಹೇಳಿಕೊಂಡು ಬಂದರಂತೆ. ಈ ಕೀರ್ತಿಯೂ ತಮಗೇ ಸಲ್ಲಬೇಕು.

ತಮ್ಮ ಸೈಲೆನ್ಸರಿನ ತೂತನ್ನು ಮುಚ್ಚಿಸಲು ಫಾದರ್ ಲಿಯೋನೆಲರು ಕಟಪಾಡಿಯ ಮೆಕ್ಯಾನಿಕ್ ಚಂದುವಿನ ಬಳಿಗೆ ತಮ್ಮನ್ನು ಕರೆದೊಯ್ದ ಸುದ್ದಿ ತಿಳಿದಾಗ ವಾರ್ಡಿನಲ್ಲಿ ಉಂಟಾದ ಕಳವಳವನ್ನು ಏನೆಂದು ಬರೆಯಲಿ. ಕೂಡಲೇ ಒಂದು ನಿಯೋಗ ಹೊರಟಿತು. ಗುರ್ಕಾರನಾದ್ದರಿಂದ ನಾನೇ ಮುಂದೆ ನಿಲ್ಲಬೇಕಾಯಿತು. ನಾವು ಹೇಳಿದ್ದನ್ನೆಲ್ಲ ಕೇಳಿ ಚಂದು, ‘ನನಗೆಂತ, ಪಾರ್ಟು ಬೊಂಬಾಯಿಯಿಂದ ಬರಬೇಕು ಅಂತ ಹೇಳುತ್ತೇನೆ, ಅದು ಬರುವುದೇ ಇಲ್ಲ ಅಲ್ವಾ’ ಎಂದ. ಹೀಗೆ ಒಬ್ಬ ಹಿಂದೂ ಸಹೋದರನ ಸಹಕಾರದಿಂದ ನಮ್ಮ ಭಕ್ತಿ ಉಳಿಯಿತು.

ಇಷ್ಟೆಲ್ಲ ಉಪಕಾರ ಮಾಡಿದ ತಮ್ಮ ಮೇಲೆ ದೂರೇನು ಎಂದು ತಾವು ಕೇಳಬಹುದು. ದೂರು ನನ್ನ ಅಕ್ಕ ಕಾರ್ಮಿನ್ ಬಾಯಿಯದು. ತಮ್ಮ ಸದ್ದಿಗೆ ಇಡೀ ವಾರ್ಡಿನಲ್ಲಿ ಮಂಡಿಯೂರದವಳು ಅವಳೊಬ್ಬಳೇ. ತಾವು ಬರುವಾಗ ಅವಳು ಜಗಲಿಯ ಮೇಲೆ ಸುಮ್ಮನೆ ಕುಳಿತಿರುತ್ತಿದ್ದಳು. ಅವಳಿಂದ ವಾರ್ಡಿನ ಹೆಸರು ಕೆಡುತ್ತದೆಂದು ರೊಸಾರಿಯೊ ಎರಡು ಸಲ ನನ್ನಲ್ಲಿ ಹೇಳಿದ. ನಾನು ಹೋಗಿ ಹೇಳಿದ್ದಕ್ಕೆ ಅಕ್ಕ, ‘ನೀವೆಲ್ಲ ಸ್ಕೂಟರಿಗೆ ಪ್ರಾರ್ಥನೆ ಮಾಡಿ ಅಲೋಶಿಯಸ್. ನನಗೆ ಫಾದರ್ ಹತ್ತಿರ ಮಾತಾಡಲಿಕ್ಕೆ ಉಂಟು’ ಎಂದಳು.

ಅವಳಿಗೆ ಕೇಳಬೇಕಾಗಿದ್ದದ್ದು ಇಷ್ಟೇ. ಅವಳ ಗಂಡ ಮಾರ್ಸೆಲ್ ಭಾವ ಬೊಂಬಾಯಿಯಿಂದ ಹೊರಡುವ ಸರಕು ಹಡಗಿನಲ್ಲಿ ಅಡುಗೆಯವರು. ಎರಡು ವರ್ಷದ ಹಿಂದೆ ಹಡಗು ಒಂದು ಬಂದರಿನಿಂದ ಹೊರಟು ಇನ್ನೊಂದನ್ನು ಮುಟ್ಟಲಿಲ್ಲ. ಕಂಪೆನಿಯಿಂದ ನಾಪತ್ತೆ ಎಂದು ತಂತಿ ಬಂತು, ಆಮೇಲೆ ಏನೂ ಬರಲಿಲ್ಲ. ಸತ್ತರೆಂದು ಹೇಳುವವರಿಲ್ಲ, ಇದ್ದಾರೆಂದು ಹೇಳುವವರೂ ಇಲ್ಲ. ಅವರ ಹೆಸರಿನಲ್ಲಿ ಒಂದು ಪೂಜೆ ಕೊಡಬೇಕೆಂದು ಅಕ್ಕ ಇಗರ್ಜಿಯ ಆಫೀಸಿಗೆ ಹೋದಾಗ, ‘ಸತ್ತವರ ಆತ್ಮಶಾಂತಿಗಾ, ಬದುಕಿರುವವರ ಕ್ಷೇಮಕ್ಕಾ’ ಎಂದು ಅಲ್ಲಿದ್ದವರು ಕೇಳಿದರು. ಅವಳು ಉತ್ತರಿಸದೆ ಹಿಂದೆ ಬಂದಳು. ಆತ್ಮಶಾಂತಿಗೆಂದು ಹೇಳಿದರೆ ತಾನೇ ಗಂಡನನ್ನು ಕೊಂದಂತೆ, ಕ್ಷೇಮಕ್ಕೆಂದು ಹೇಳಿದರೆ ಸತ್ತವರ ಆತ್ಮವನ್ನು ಪ್ರಾರ್ಥನೆಯಿಲ್ಲದೆ ಬಿಟ್ಟಂತೆ. ಕೊರಳಿನ ಕರಿಮಣಿ ತೆಗೆಯಬೇಕೋ ಇಟ್ಟುಕೊಳ್ಳಬೇಕೋ ಎಂಬುದೂ ಇದರ ಮೇಲೆಯೇ ನಿಂತಿತ್ತು. ಇಂಥದ್ದನ್ನು ಆಫೀಸಿನ ಕಿಟಕಿಯಲ್ಲಿ, ಹಿಂದೆ ಜನ ನಿಂತಿರುವಾಗ ಕೇಳಲಾಗುವುದಿಲ್ಲ. ಜಗಲಿಯಲ್ಲಿ ಕುಳಿತು ಕೇಳಬೇಕು.

ಅದಕ್ಕಾಗಿ ಅವಳು ಕಾದಳು. ಆದರೆ ತಾವು ನಿಲ್ಲಬೇಕಲ್ಲ. ಪ್ರಾರ್ಥನೆಯಲ್ಲಿರುವ ಮನೆಗಳ ಸಾಲಿನಲ್ಲಿ ಪ್ರಾರ್ಥಿಸದೆ ಕುಳಿತ ಹೆಂಗಸನ್ನು ಕಂಡು ಫಾದರ್ ಲಿಯೋನೆಲರು, ಪಾಪ, ದೇವರ ಮೇಲೆ ಮುನಿದವಳಿರಬೇಕು, ಸಮಯ ಬಂದಾಗ ಸರಿಹೋಗುತ್ತಾಳೆ ಎಂದು ದೂರದಿಂದಲೇ ಕೈಯೆತ್ತಿ ಆಶೀರ್ವದಿಸುತ್ತಿದ್ದರು. ಅವಳು ಏಳುವಷ್ಟರಲ್ಲಿ ತಾವು ಹೊಗೆ ಬಿಟ್ಟು ಗುಡ್ಡ ಹತ್ತಿರುತ್ತಿದ್ದಿರಿ. ಎಲ್ಲರನ್ನೂ ತಲುಪುವ ತಮ್ಮ ಈ ಸಾಮರ್ಥ್ಯದ ಬಗ್ಗೆ ನನಗೆ ಅಪಾರ ಗೌರವವಿದೆ. ನನ್ನ ಅಕ್ಕನನ್ನು ಮಾತ್ರ ತಾವು ತಲುಪಲಿಲ್ಲ. ಅದಕ್ಕೆ ನನಗೆ ತಮ್ಮ ಮೇಲೆ ನಿಜವಾಗಿಯೂ ಸಿಟ್ಟು ಬಂದಿತ್ತು.

ಇಷ್ಟರಲ್ಲಿ ಪೆಟ್ರೋಲಿನ ದರ ಏರಿತು. ಇಳಿಜಾರಿನಲ್ಲಿ ಇಂಜಿನ್ ಬಂದ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆಂದು ಯಾರೋ ಫಾದರಿಗೆ ಹೇಳಿಕೊಟ್ಟರು. ಹಾಗಾಗಿ ಕಳೆದ ತಿಂಗಳ ಒಂದು ಸಂಜೆ ತಾವು ಗುಡ್ಡದ ತುದಿಯಲ್ಲಿ ಬಾಯಿ ಮುಚ್ಚಿ, ಕದ್ದು ಬರುವ ಬೆಕ್ಕಿನಂತೆ ಜಾರಿಕೊಂಡು ನೇರವಾಗಿ ಪಡುಬೈಲಿಗೆ ಇಳಿದಿರಿ. ರೊಸಾರಿಯೊ ಮತ್ತು ಸಂಗಡಿಗರು ಹಲಸಿನ ಮರದಡಿ ಇಸ್ಪೀಟ್ ಆಡುತ್ತಿದ್ದರು. ನಡುವೆ ಶೇಂದಿ. ಫಾದರರ ನಿಲುವಂಗಿ, ಆ ಬಿಳಿ ಲೋಬು ಕಂಡದ್ದೇ ತಡ, ಎಲ್ಲರೂ ಕೈಯಲ್ಲಿದ್ದ ಎಲೆಗಳನ್ನೂ ಇಡದೆ ಮಂಡಿಯೂರಿದರು. ರೊಸಾರಿಯೊ ಅಭ್ಯಾಸಬಲದಿಂದ ಸ್ತುತಿಮಾಲೆ ಆರಂಭಿಸಿದ. ಕಳಾವರ್ ರಾಣಿಯನ್ನು ಎದೆಗೊತ್ತಿಕೊಂಡು ಅವನು ಅಷ್ಟು ಭಕ್ತಿಯಿಂದ ಪ್ರಾರ್ಥಿಸಿದ್ದನ್ನು ನಾನು ಮೊದಲು ಕಂಡಿರಲಿಲ್ಲ.

ಫಾದರ್ ಲಿಯೋನೆಲರಿಗೆ ಒಂದೇ ಗಳಿಗೆಯಲ್ಲಿ ಎಲ್ಲ ಅರ್ಥವಾಯಿತು. ಮುಖ ಕೆಂಪಾಯಿತು. ಎಲ್ಲಿ ನೋಡಬೇಕೆಂದು ತಿಳಿಯದೆ ಸುತ್ತ ನೋಡಿದರು. ನೋಡಲು ಉಳಿದಿದ್ದವಳು ಜಗಲಿಯ ಮೇಲೆ ಕುಳಿತ ನನ್ನ ಅಕ್ಕ ಮಾತ್ರ. ‘ಬನ್ನಿ ಫಾದರ್, ಕೂತುಕೊಳ್ಳಿ. ಸ್ಕೂಟರಿಗೆ ಹುಷಾರಿಲ್ಲವಾ, ಸ್ವರವೇ ಇಲ್ಲ?’ ಎಂದಳು. ಅವರು ಹೋಗಿ ಕುಳಿತರು. ಪಕ್ಕದ ಕಿಟಕಿಯ ಹಿಂದೆ ನಾನೂ ಮಂಡಿಯೂರಿದ್ದೆನಾದ್ದರಿಂದ ಎಲ್ಲವನ್ನೂ ಪ್ರಾರ್ಥನೆಯ ಭಂಗಿಯಲ್ಲಿಯೇ ಕೇಳಿಸಿಕೊಂಡೆ.

ಅಕ್ಕ ಕೇಳಿದಳು. ಮಣಿಪಾಲದ ಚಾರ್ಟಿನಲ್ಲಿ ಈ ಪ್ರಶ್ನೆಗೆ ವೃತ್ತವಾಗಲಿ ಬಾಣವಾಗಲಿ ಇದ್ದಂತಿರಲಿಲ್ಲ. ಫಾದರ್, ‘ನನಗೆ ಗೊತ್ತಿಲ್ಲ ಬಾಯಿ’ ಎಂದರು. ವಿಗಾರರೊಬ್ಬರು ಹೀಗೆ ಹೇಳಿದ್ದನ್ನು ನಾನು ಜನ್ಮದಲ್ಲಿ ಕೇಳಿದ್ದು ಅದೇ ಮೊದಲು. ಅಕ್ಕ ಅತ್ತಳು. ತಂತಿ ಬಂದಾಗಲೂ ಅಳದವಳು ಅವಳು. ಅವರು ಎದ್ದು ಹೋಗಲಿಲ್ಲ, ಆಶೀರ್ವದಿಸಲೂ ಇಲ್ಲ, ಅವಳು ಅತ್ತು ಮುಗಿಸುವವರೆಗೆ ಕುಳಿತರು. ಮುಂದಿನ ಭಾನುವಾರದ ಪೂಜೆಯಲ್ಲಿ, ‘ಇಂದಿನ ಪೂಜೆ ಮಾರ್ಸೆಲ್‌ಗಾಗಿ’ ಎಂದರು. ಸತ್ತವರೆಂದೂ ಹೇಳಲಿಲ್ಲ, ಬದುಕಿರುವವರೆಂದೂ ಹೇಳಲಿಲ್ಲ. ಮುಂದಿನ ಬೆಂಚಿನಲ್ಲಿ ಕರಿಮಣಿ ಹಾಕಿಕೊಂಡು ಕುಳಿತಿದ್ದ ಅಕ್ಕ ಎಲ್ಲರಿಗಿಂತ ಮೊದಲು ಮಂಡಿಯೂರಿದಳು.

ಆದುದರಿಂದ ತಮ್ಮಲ್ಲಿ ನನ್ನ ವಿನಂತಿಗಳಿವೆ. ಇನ್ನು ಮುಂದೆ ತಾವು ಇಳಿಜಾರಿನಲ್ಲಿ ಮಾತ್ರವಲ್ಲ, ಏರಿನಲ್ಲಿಯೂ ಇಂಜಿನ್ ಬಂದ್ ಮಾಡಿಕೊಂಡು ಚಲಿಸುವ ಕೃಪೆ ಮಾಡಬೇಕು. ನೂಕಿಕೊಂಡು ಹೋಗುವ ವಿಗಾರರಿಗೆ ದಾರಿಯಲ್ಲಿ ನಾಲ್ಕು ಜನ ಕೈಜೋಡಿಸಿಯಾರು, ಕೈಜೋಡಿಸಿದವರು ಬಾಯಿ ಬಿಟ್ಟಾರು. ಬಾವಿಕಟ್ಟೆ ಕಂಡಲ್ಲಿ ಪಂಕ್ಚರ್ ಆಗಬೇಕು. ಬೇಲಿಯ ಬಳಿ ಹೆಂಗಸೊಬ್ಬಳು ನಿಂತಿದ್ದರೆ ಪ್ಲಗ್ಗಿನಲ್ಲಿ ಕಸ ತುಂಬಿಕೊಳ್ಳಬೇಕು. ನಮ್ಮ ವಾರ್ಡಿನ ಪ್ರಾರ್ಥನೆ ಇದರಿಂದ ಬಹಳ ಕಡಿಮೆಯಾಗುವುದೆಂಬುದು ನನಗೆ ಗೊತ್ತು. ಆ ನಷ್ಟವನ್ನು ಗುರ್ಕಾರನಾಗಿ ನಾನು ಹೊರಲು ಸಿದ್ಧನಿದ್ದೇನೆ.

ತಮ್ಮ ಸದ್ದಿನಿಂದ ಭಕ್ತಿಯನ್ನೂ ತಮ್ಮ ಮೌನದಿಂದ ಬುದ್ಧಿಯನ್ನೂ ಕಲಿತ

ತಮ್ಮ ವಿಶ್ವಾಸಿ,
ಅಲೋಶಿಯಸ್ ಮಥಾಯಸ್
ಗುರ್ಕಾರ, ಪಡುಬೈಲು ವಾರ್ಡು

ತಾ.ಕ.: ಕಳೆದ ವಾರ ಕಾರ್ಕಳದಲ್ಲಿ ಸುತ್ತಲಿನ ಇಗರ್ಜಿಗಳ ಧರ್ಮಗುರುಗಳ ಸಭೆ ಸೇರಿತ್ತು. ಪಡುಬೈಲಿನ ಆಧ್ಯಾತ್ಮಿಕ ಪ್ರಗತಿಯ ಗುಟ್ಟನ್ನು ತಿಳಿಸಬೇಕೆಂದು ಫಾದರ್ ಲಿಯೋನೆಲರನ್ನು ಕರೆದಿದ್ದರು. ಅವರು ಎದ್ದು ನಿಂತು, ‘ನನ್ನ ಜನ ಪ್ರಾರ್ಥಿಸುತ್ತಿದ್ದದ್ದು ನನ್ನ ಸ್ಕೂಟರಿನ ಸದ್ದು ಕೇಳಿ’ ಎಂದು ಇದ್ದದ್ದನ್ನು ಇದ್ದಂತೆ ಹೇಳಿ ಕುಳಿತರಂತೆ. ಸಭೆ ಅದನ್ನು ಶ್ರದ್ಧೆಯಿಂದ ಬರೆದುಕೊಂಡಿತು. ಈಗ ಮೂರು ಇಗರ್ಜಿಗಳವರು ಸ್ಕೂಟರ್ ಬುಕ್ ಮಾಡಿದ್ದಾರೆಂದು ಸುದ್ದಿ. ಹುಟ್ಟಲಿರುವ ಆ ತಮ್ಮ ಸೋದರರಿಗೆ ಒಂದು ಮಾತು ತಿಳಿಸಿಡಿ: ಆ ಊರುಗಳಲ್ಲಿಯೂ ಜಗಲಿಯ ಮೇಲೆ ಮಂಡಿಯೂರದೆ ಕುಳಿತ ಒಬ್ಬಳು ಇದ್ದೇ ಇರುತ್ತಾಳೆ.