ಕೆಂಪಿಗೆ ಮಂಜೂರಾತಿ

ನಗರದ ಯಾವ ರಸ್ತೆಯೂ ಮೇಲಧಿಕಾರಿಗಳ ಸಹಿಯಿಲ್ಲದೆ ಮೊಬೈಲ್ ಮ್ಯಾಪಿನಲ್ಲಿ ಕೆಂಪಾಗತಕ್ಕದ್ದಲ್ಲ ಎಂಬ ಆದೇಶ ಹೊರಬಿದ್ದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ.

ಬೇರೆ ಊರುಗಳಲ್ಲಿ ಜನರ ಜೇಬಿನ ಮೊಬೈಲುಗಳು ಎಷ್ಟು ವೇಗವಾಗಿ ಸಾಗುತ್ತಿವೆಯೆಂದು ಕಂಪ್ಯೂಟರು ತಾನೇ ಲೆಕ್ಕಹಾಕಿ, ಓಡಿದರೆ ಹಸಿರು, ತೆವಳಿದರೆ ಕೆಂಪು ಬಳಿಯುತ್ತದೆ. ಕಂಡಕಂಡವರ ಮೊಬೈಲಿನ ಮಾತು ಕೇಳಿ ರಸ್ತೆಯ ಮಾನ ಕಳೆಯುವುದು ಸರಿಯಲ್ಲವೆಂದು ನಮ್ಮಲ್ಲಿ ‘ನೇರ ಸಂಚಾರ ಶಾಖೆ’ ತೆರೆಯಲಾಯಿತು. ಮಾಹಿತಿ ಮೊದಲು ಶಾಖೆಗೆ ಬರಬೇಕು, ಶಾಖಾಧಿಕಾರಿಗಳು ಸಹಿ ಹಾಕಬೇಕು, ಆಮೇಲೆ ಮ್ಯಾಪಿಗೆ. ಅಲ್ಲಿಯವರೆಗೆ ಎಲ್ಲವೂ ಹಸಿರು.

ಒಂದು ಮಧ್ಯಾಹ್ನ ಸೇತುವೆಯ ಮೇಲೆ ಪೈಪು ತುಂಬಿದ ಲಾರಿಯೊಂದು ಕೆಟ್ಟು ನಿಂತಿತು. ಹಿಂದೆ ವಾಹನಗಳು ಜಮಾಯಿಸಿದವು. ಲಾರಿ ಚಾಲಕನ ಪಕ್ಕದಲ್ಲಿ ಮಗಳ ಹುಟ್ಟುಹಬ್ಬದ ಕೇಕು ಇತ್ತು. ಹೆಂಡತಿ ಫೋನ್ ಮಾಡಿದಳು.

“ಎಲ್ಲಿದ್ದೀರಿ?”

“ಸೇತುವೆ ಮೇಲೆ. ಲಾರಿ ಕೆಟ್ಟು ಜಾಮ್ ಆಗಿದೆ.”

“ಮ್ಯಾಪಿನಲ್ಲಿ ಸೇತುವೆ ಹಸಿರಾಗಿದೆ. ನನ್ನ ಕಿವಿ ಮೇಲೆ ಹೂ ಇಡಬೇಡಿ.”

ಅವನು ಫೋನನ್ನು ಕಿಟಕಿಯಾಚೆ ಹಿಡಿದು ಹಾರ್ನ್ ಕೇಳಿಸಿದ.

“ಹಾರ್ನ್ ಯಾರು ಬೇಕಾದ್ರೂ ಹೊಡೀತಾರೆ. ಮಗು ಬಾಗಿಲಲ್ಲೇ ಕೂತಿದೆ,” ಎಂದು ಅವಳು ಫೋನಿಟ್ಟಳು.

ಕಂಗಾಲಾದ ಚಾಲಕ ಶಾಖೆಗೆ ಫೋನಾಯಿಸಿದ. ಗುಮಾಸ್ತರು ಸಮಾಧಾನವಾಗಿ ಹೇಳಿದರು: “ಕೆಂಪು ತಯಾರಾಗಿದೆ. ಸಹಿ ಒಂದೇ ಬಾಕಿ. ಊಟಕ್ಕೆ ಹೋದ ಸಾಹೇಬರು ಇನ್ನೂ ಬಂದಿಲ್ಲ. ಸೇತುವೆ ಹಸಿರಾಗಿದೆ ಅಂತ ಆ ಕಡೆಯಿಂದಲೇ ಹೊರಟರಂತೆ.”

ಸಾಹೇಬರು ಲಾರಿಯ ಹಿಂದಿನ ಕಾರಿನಲ್ಲೇ ಕೂತಿದ್ದರು. ಚಾಲಕ ಕೈಮುಗಿದ. “ಸರ್, ಒಂದು ಸಹಿ ಹಾಕಿ. ನನ್ನ ಸಂಸಾರ ಉಳಿಯುತ್ತೆ.”

“ಕಚೇರಿಯ ಹೊರಗೆ ನಾನೂ ನಿಮ್ಮ ಹಾಗೇ ಸಾಮಾನ್ಯ ಮನುಷ್ಯನಪ್ಪ.”

ಆದರೆ ಅವರಿಗೂ ಹೆಂಡತಿಯಿದ್ದಳು, ಮನಸ್ಸು ಕರಗಿತು. ಕೂಡಲೇ ಪ್ರಕಟಣೆ ಹೊರಟಿತು: “ಸೇತುವೆಯನ್ನು ಮುಂದಿನ ಆದೇಶದವರೆಗೆ ಕಚೇರಿಯೆಂದು ಘೋಷಿಸಲಾಗಿದೆ. ಕಚೇರಿ ಆವರಣದಲ್ಲಿ ಹಾರ್ನ್ ಹೊಡೆಯತಕ್ಕದ್ದಲ್ಲ.” ಗುಮಾಸ್ತರು ಮೊಹರು, ಕುರ್ಚಿ ಹೊತ್ತು ನಡೆದು ಬಂದರು. ಸಹಿ ಬಿತ್ತು. ಸೇತುವೆ ಕೆಂಪಾಯಿತು.

ಹೆಂಡತಿಯ ದನಿ ಮೆತ್ತಗಾಗಿತ್ತು. “ನೋಡಿದೆ ರೀ. ಕಡುಗೆಂಪು. ಪಾಪ, ಏನಾದ್ರೂ ತಿಂದ್ರಾ?”

ಚಾಲಕನ ಕಣ್ಣು ತುಂಬಿತು. ಅಷ್ಟರಲ್ಲಿ ಮೆಕ್ಯಾನಿಕ್ಕು ಲಾರಿ ರಿಪೇರಿ ಮಾಡಿದ್ದ. ಚಾಲಕ ಇನ್ನೇನು ಹೊರಡಬೇಕು, ಸಾಹೇಬರು ಅಡ್ಡ ನಿಂತರು.

“ನೀವು ಹೋದ್ರೆ ಸೇತುವೆ ಖಾಲಿಯಾಗುತ್ತೆ. ನನ್ನ ಸಹಿ ಸುಳ್ಳಾಗುತ್ತೆ.”

“ಹಸಿರಿಗೂ ಒಂದು ಸಹಿ ಹಾಕಿಬಿಡಿ ಸರ್.”

“ಅದಕ್ಕೆ ಸ್ಥಳ ಪರಿಶೀಲನೆ ಆಗಬೇಕು. ತಂಡ ಹೊರಟಿದೆ.”

ಗುಮಾಸ್ತರು ಕುರ್ಚಿ ಹತ್ತಿ ದೂರಕ್ಕೆ ನೋಡಿದರು. “ಬಂದಿದ್ದಾರೆ ಸರ್. ಜಾಮಿನ ಬಾಲದಲ್ಲಿ ಸಿಕ್ಕಿಕೊಂಡಿದ್ದಾರೆ.”

“ನಡೆದು ಬರೋಕೆ ಹೇಳಿ,” ಎಂದ ಚಾಲಕ.

“ನಡೆದು ಬಂದ್ರೆ ಪ್ರಯಾಣ ಭತ್ಯೆ ಸಿಗಲ್ಲ,” ಎಂದರು ಸಾಹೇಬರು. ಇದು ನ್ಯಾಯವಾದ ಮಾತೆಂದು ಚಾಲಕನಿಗೂ ಅನ್ನಿಸಿತು.

ಸಂಜೆ ಹೆಂಡತಿ ಮಗಳನ್ನು ಕರೆದುಕೊಂಡು ನಡೆದೇ ಬಂದಳು. ಸಾಹೇಬರ ಕಾರಿನ ಬಾನೆಟ್ ಮೇಲೆ ಕೇಕು ಕತ್ತರಿಸಿದರು. ಸಾಲಿನುದ್ದಕ್ಕೂ ಚಪ್ಪಾಳೆ ಬಿತ್ತು. ಮಗಳು ಅಪ್ಪನ ತೊಡೆಯ ಮೇಲೇ ನಿದ್ದೆ ಹೋದಳು.

ಈಗ ಹೊರ ಊರಿನ ಅಧಿಕಾರಿಗಳು ಸೇತುವೆಯನ್ನು ನೋಡಲು ಬರುತ್ತಾರೆ. ಮ್ಯಾಪಿಗೂ ನೆಲಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲವೆಂದು ಹೊಗಳಿ, ವಾಪಸು ಹೋಗಲಾಗದೆ ಸಾಲಿನಲ್ಲೇ ಉಳಿಯುತ್ತಾರೆ. ಲಾರಿ ಚಾಲಕನಿಗೆ ಸೇವಾ ಹಿರಿತನದ ಮೇಲೆ ಮುಂದಿನ ಸಾಲು ಖಾಯಂ ಆಗಿದೆ. ಹಿಂದಿನ ಸಾಲಿನವರು ಬಡ್ತಿಗೆ ಅರ್ಜಿ ಹಾಕಿದ್ದಾರೆ.